ಜರ್ಮನಿಯ ಯುವಜನ ಎರಡು ತುದಿಗಳಿಗೆ ಹಂಚಿಹೋಗಿದ್ದು ಯಾಕೆ?

2025ರ ಡಿಸೆಂಬರ್ 5, ಶುಕ್ರವಾರ. ಜರ್ಮನಿಯ ಸಂಸತ್ತು ಅಂದು ಎರಡು ಕಾನೂನುಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲನೆಯದು ಪಿಂಚಣಿಯದ್ದು. ಸರಾಸರಿ ಸಂಬಳಕ್ಕೆ ಹೋಲಿಸಿದರೆ ಪಿಂಚಣಿ ಶೇ 48ಕ್ಕಿಂತ ಕೆಳಗೆ ಇಳಿಯದಂತೆ 2031ರವರೆಗೆ ನೋಡಿಕೊಳ್ಳುತ್ತೇವೆ ಅನ್ನುವ ಭರವಸೆ ಅದರಲ್ಲಿದೆ. ಎರಡನೆಯದು ಸೇನೆಯದ್ದು. 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಗಂಡುಮಕ್ಕಳಿಗೆ 18 ತುಂಬಿದಾಗ ಸೇನೆಯಿಂದ ಒಂದು ಪ್ರಶ್ನಾವಳಿ ಬರುತ್ತದೆ. ಅದನ್ನು ಅವರು ತುಂಬಿ ಕಳಿಸಲೇಬೇಕು, ವೈದ್ಯಕೀಯ ತಪಾಸಣೆಗೂ ಹೋಗಬೇಕು. ಸೇರುವುದು ಬಿಡುವುದು ಸದ್ಯಕ್ಕೆ ಅವರ ಇಷ್ಟ. ಅದೇ ದಿನ ಈ ಸೇನೆಯ ಕಾನೂನನ್ನು ವಿರೋಧಿಸಿ ದೇಶದ ಹಲವು ಊರುಗಳಲ್ಲಿ ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು.

ದೂರದಿಂದ ನೋಡುವವರಿಗೆ ಇದು ಗೊಂದಲವೇ. ಯುರೋಪಿನ ಅತಿ ದೊಡ್ಡ ಆರ್ಥಿಕತೆ ಅದು. ಬಹುತೇಕ ಕಡೆ ಓದಲು ಶುಲ್ಕವಿಲ್ಲ. ಯುವಕರ ನಿರುದ್ಯೋಗ ಯುರೋಪಿನಲ್ಲೇ ಅತಿ ಕಡಿಮೆ ಇರುವ ದೇಶಗಳಲ್ಲಿ ಅದೂ ಒಂದು. ಅಂಥ ಕಡೆ ಯುವಜನ ಮಧ್ಯದ ಪಕ್ಷಗಳನ್ನು ಬಿಟ್ಟು, ಕೆಲವರು ಕಟು ಬಲಕ್ಕೆ, ಕೆಲವರು ಎಡಕ್ಕೆ ಹೋಗುತ್ತಿರುವುದು ಯಾಕೆ?

ಮೊದಲು ಓಟಿನ ಲೆಕ್ಕ

2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಜರ್ಮನಿಯ 25ರೊಳಗಿನವರಲ್ಲಿ ಮೂವರಲ್ಲಿ ಒಬ್ಬರು ಗ್ರೀನ್ಸ್ ಪಕ್ಷಕ್ಕೆ ಓಟು ಹಾಕಿದ್ದರು. ಹವಾಮಾನದ ಚಳವಳಿ ಜೋರಾಗಿದ್ದ ಕಾಲ ಅದು. ಐದೇ ವರ್ಷದಲ್ಲಿ, 2024ರ ಜೂನ್‌ನಲ್ಲಿ, ಗ್ರೀನ್ಸ್ ಪಾಲು ಶೇ 11ಕ್ಕೆ ಕುಸಿಯಿತು. ವಲಸೆಯನ್ನು ಕಟುವಾಗಿ ವಿರೋಧಿಸುವ ಎಎಫ್‌ಡಿ ಪಕ್ಷ ಶೇ 5ರಿಂದ 16ಕ್ಕೆ ಏರಿತು. ಅದೇ ಸೆಪ್ಟೆಂಬರ್‌ನಲ್ಲಿ ಪೂರ್ವದ ಥುರಿಂಗಿಯಾ ರಾಜ್ಯದ ಚುನಾವಣೆಯಲ್ಲಿ 18ರಿಂದ 24 ವಯಸ್ಸಿನವರಲ್ಲಿ ಶೇ 38ರಷ್ಟು ಜನ ಎಎಫ್‌ಡಿಗೆ ಓಟು ಕೊಟ್ಟರು.

2025ರ ಫೆಬ್ರುವರಿ 23ರ ರಾಷ್ಟ್ರೀಯ ಚುನಾವಣೆಯಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಇದೇ ವಯಸ್ಸಿನವರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಎಡಪಂಥೀಯ ಡಿ ಲಿಂಕೆ ಪಕ್ಷ, ಸುಮಾರು ಶೇ 25 ಓಟಿನೊಂದಿಗೆ. ಎರಡನೆಯದು ಎಎಫ್‌ಡಿ, ಸುಮಾರು ಶೇ 21. ಈಗ ಒಟ್ಟಿಗೆ ಸರ್ಕಾರ ನಡೆಸುತ್ತಿರುವ ಮಧ್ಯದ ಪಕ್ಷಗಳಾದ, ತುಸು ಬಲಕ್ಕಿರುವ ಸಿಡಿಯು ಬಳಗ ಮತ್ತು ತುಸು ಎಡಕ್ಕಿರುವ ಎಸ್‌ಪಿಡಿ, ಎರಡನ್ನೂ ಕೂಡಿಸಿದರೆ ಸಿಗುವುದು ಲಿಂಕೆಗೆ ಒಂಟಿಯಾಗಿ ಸಿಕ್ಕಷ್ಟು ಓಟು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಎರಡು ತುದಿ ಅಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ದೇಶದ ಆಂತರಿಕ ಗುಪ್ತಚರ ಸಂಸ್ಥೆ 2025ರ ಮೇ 2ರಂದು ಎಎಫ್‌ಡಿಯನ್ನು 'ಖಚಿತ ಬಲಪಂಥೀಯ ತೀವ್ರವಾದಿ' ಪಕ್ಷ ಎಂದು ಘೋಷಿಸಿತು. ಪಕ್ಷ ಕಲೋನ್‌ನ ಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಆ ಹಣೆಪಟ್ಟಿಯನ್ನು ಬಳಸದೆ ತಡೆಹಿಡಿಯಿತು. ಆದರೆ ಥುರಿಂಗಿಯಾ ಘಟಕಕ್ಕೆ ಅಲ್ಲಿನ ರಾಜ್ಯ ಸಂಸ್ಥೆ 2021ರಲ್ಲೇ ಅದೇ ಪಟ್ಟಿ ಕಟ್ಟಿತ್ತು. ಲಿಂಕೆಯ ಬೇರು ಹಳೆಯ ಪೂರ್ವ ಜರ್ಮನಿಯನ್ನು ಆಳಿದ ಕಮ್ಯುನಿಸ್ಟ್ ಪಕ್ಷದಲ್ಲಿದೆ. ಅದನ್ನು ಮರೆಯಬೇಕಿಲ್ಲ. ಆದರೆ ಇಂದು ಇಡೀ ಪಕ್ಷಕ್ಕೆ ಅಂಥ ಹಣೆಪಟ್ಟಿ ಇಲ್ಲ. ಅದು ಓಟು ಕೇಳುವುದು ಬಾಡಿಗೆ, ಕೂಲಿ, ದಿನಸಿ ಬೆಲೆಯ ಹೆಸರಿನಲ್ಲಿ.

ಕೆಲಸ ಇದ್ದರೂ ಭಯ ಯಾಕೆ?

ನಿರುದ್ಯೋಗ ಹೆಚ್ಚಾದರೆ ಯುವಕರು ದಾರಿ ತಪ್ಪುತ್ತಾರೆ ಅನ್ನುವುದು ನಾವೆಲ್ಲ ಕೇಳಿ ಬೆಳೆದ ವಿವರಣೆ. ಜರ್ಮನಿಯ ವಿಷಯದಲ್ಲಿ ಅದು ಹೊಂದುವುದಿಲ್ಲ. ಅಲ್ಲಿ ಹೆಚ್ಚಿನವರಿಗೆ ಕೆಲಸ ಇದೆ. ಅವರಿಗೆ ಇಲ್ಲದಿರುವುದು 'ನಾಳೆ ಇದಕ್ಕಿಂತ ಚೆನ್ನಾಗಿರುತ್ತೆ' ಅನ್ನುವ ನಂಬಿಕೆ. ಬಡತನ ಬೇರೆ, ಅಭದ್ರತೆ ಬೇರೆ. ಇವತ್ತು ಊಟಕ್ಕೆ ಇಲ್ಲದಿರುವುದು ಬಡತನ. ಇವತ್ತು ಊಟ ಇದ್ದರೂ, ಅಪ್ಪ ಅಮ್ಮ ಏರಿದ ಮೆಟ್ಟಿಲಿಗೆ ತಾನು ಏರಲಾರೆ ಅಂತ ಅನ್ನಿಸುವುದು ಅಭದ್ರತೆ.

'ಜರ್ಮನಿಯ ಯುವಜನ' ಎಂಬ ಸಮೀಕ್ಷೆ 2024ರಲ್ಲಿ 14ರಿಂದ 29 ವರ್ಷದವರನ್ನು ಅವರ ಚಿಂತೆಗಳ ಬಗ್ಗೆ ಕೇಳಿತು. ಶೇ 65 ಜನ ಬೆಲೆ ಏರಿಕೆ ಅಂದರು. ಶೇ 54 ಜನ ಮನೆ ಅಂದರು. ಶೇ 48 ಜನ ಹೇಳಿದ್ದು ಮುಪ್ಪಿನ ಬಡತನ. ಇಪ್ಪತ್ತರ ಹುಡುಗ ಹುಡುಗಿಯರು ಎಪ್ಪತ್ತರ ಬಡತನಕ್ಕೆ ಹೆದರುತ್ತಿದ್ದಾರೆ. ಈ ಒಂದು ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಯಾಕೆಂದರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಲೆಕ್ಕವಿದೆ.

ಬಾಡಿಗೆಯ ಲೆಕ್ಕ

ಜರ್ಮನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆತನಗಳು ಬಾಡಿಗೆ ಮನೆಯಲ್ಲಿವೆ. ಅಲ್ಲಿನ ಕಾನೂನು ಬಾಡಿಗೆದಾರರಿಗೆ ಗಟ್ಟಿ ರಕ್ಷಣೆ ಕೊಡುತ್ತದೆ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಓನರ್ ಬಾಡಿಗೆ ಏರಿಸುತ್ತಾರೆ, ಇಲ್ಲ ಖಾಲಿ ಮಾಡಿ ಅನ್ನುತ್ತಾರೆ. ಅಲ್ಲಿ ಹಾಗೆ ಮಾಡುವುದು ಸುಲಭವಲ್ಲ. ಒಳಗಿದ್ದವರನ್ನು ಕಾರಣವಿಲ್ಲದೆ ಕಳಿಸುವಂತಿಲ್ಲ, ಅವರ ಬಾಡಿಗೆಯನ್ನು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ.

ಇದು ಒಳ್ಳೆಯ ಕಾನೂನು. ಆದರೆ ಮನೆಗಳೇ ಸಾಲದಾದಾಗ ಇದರ ಭಾರ ಒಂದೇ ಕಡೆ ಬೀಳುತ್ತದೆ. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿರುವ ದಂಪತಿ ಹಳೆಯ ದರದಲ್ಲೇ ಇರುತ್ತಾರೆ. ಮಕ್ಕಳು ದೂರ ಹೋದ ಮೇಲೂ ಅವರು ಚಿಕ್ಕ ಮನೆಗೆ ಹೋಗುವುದಿಲ್ಲ. ಹೋದರೆ ಹೊಸ ದರ ಕೊಡಬೇಕಾಗುತ್ತದೆ. ಹಾಗಾಗಿ ಖಾಲಿಯಾಗುವ ಮನೆಗಳು ಕಡಿಮೆ. ಏರಿದ ಬಾಡಿಗೆಯ ಪೂರ್ತಿ ಪೆಟ್ಟು ಬೀಳುವುದು ಹೊಸದಾಗಿ ಮನೆ ಹುಡುಕುವವರಿಗೆ. ಅವರು ಯಾರು? ಊರು ಬಿಟ್ಟು ಕಾಲೇಜಿಗೆ, ಮೊದಲ ಕೆಲಸಕ್ಕೆ ಬರುವ ಹುಡುಗರು. ಹೊರದೇಶದಿಂದ ಬರುವವರು. ಹೊಸ ಕರಾರಿನ ಬಾಡಿಗೆಗೆ ಕಡಿವಾಣ ಹಾಕಲು 2015ರಲ್ಲಿ ಒಂದು ಕಾನೂನು ಬಂತು. ಆದರೆ 2014ರ ಅಕ್ಟೋಬರ್ ನಂತರ ಕಟ್ಟಿದ ಮನೆಗಳನ್ನು ಅದರಿಂದ ಹೊರಗಿಟ್ಟರು. ಪೀಠೋಪಕರಣ ಹಾಕಿ ಕೊಡುವ ಮನೆಗಳಲ್ಲಿ ನುಣುಚಿಕೊಳ್ಳುವುದೂ ಸುಲಭ.

ಮನೆಗಳು ಸಾಲದಾಗಿದ್ದಕ್ಕೂ ಕಾರಣಗಳಿವೆ. ಹಿಂದಿನ ಸರ್ಕಾರ ವರ್ಷಕ್ಕೆ 4 ಲಕ್ಷ ಮನೆ ಕಟ್ಟಿಸುವ ಗುರಿ ಇಟ್ಟುಕೊಂಡಿತ್ತು. 2024ರಲ್ಲಿ ಮುಗಿದದ್ದು ಸುಮಾರು 2.5 ಲಕ್ಷ. ಉಕ್ರೇನ್ ಯುದ್ಧದ ನಂತರ ಸಾಮಗ್ರಿಗಳ ಬೆಲೆ ಏರಿತು. ಬೆಲೆ ಏರಿಕೆ ತಡೆಯಲು ಯುರೋಪಿನ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿತು. ಬಡ್ಡಿ ಏರಿದಾಗ ಕಟ್ಟುವವರು ಕೈ ಹಿಂದೆಗೆದರು. ಇನ್ನೂ ಹಳೆಯ ಕಾರಣ ಸರ್ಕಾರದ ನೆರವಿನ ಅಗ್ಗದ ಮನೆಗಳದ್ದು. 1980ರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯೊಂದರಲ್ಲೇ ಅಂಥ ಸುಮಾರು 40 ಲಕ್ಷ ಮನೆಗಳಿದ್ದವು. ಈಗ ಇಡೀ ದೇಶದಲ್ಲಿ ಉಳಿದಿರುವುದು 11 ಲಕ್ಷದ ಆಸುಪಾಸು.

2024ರ ಚಳಿಗಾಲದ ಸೆಮಿಸ್ಟರ್ ಶುರುವಾದಾಗ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಗೆ ದೇಶದ ಸರಾಸರಿ ಬಾಡಿಗೆ 489 ಯೂರೊ. ಮ್ಯೂನಿಕ್‌ನಲ್ಲಿ 790. ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ನೆರವಿನಲ್ಲಿ ಬಾಡಿಗೆಗೆಂದು ಇಟ್ಟಿದ್ದು 380 ಯೂರೊ. ಸರಾಸರಿ ಕೋಣೆಯಲ್ಲೇ ತಿಂಗಳಿಗೆ 109 ಯೂರೊ ಕಡಿಮೆ ಬೀಳುತ್ತದೆ.

ಕಾರ್ಖಾನೆ ಬಾಗಿಲು, ಪಿಂಚಣಿ ಡಬ್ಬಿ

ಜರ್ಮನಿಯಲ್ಲಿ ಎಲ್ಲರೂ ಕಾಲೇಜಿಗೆ ಹೋಗುವುದಿಲ್ಲ. ಬಹಳಷ್ಟು ಮಕ್ಕಳು ಶಾಲೆ ಮುಗಿಸಿ ಕಂಪನಿಗಳಲ್ಲಿ ಅಪ್ರೆಂಟಿಸ್ ಆಗಿ ಸೇರುತ್ತಾರೆ. ಕಲಿಯುವಾಗಲೇ ಸಂಬಳ, ಕಲಿತ ಮೇಲೆ ಅಲ್ಲೇ ಕೆಲಸ. ದೊಡ್ಡ ಕಾರ್ಖಾನೆಯಲ್ಲಿ ಈ ಜಾಗ ಸಿಕ್ಕರೆ ಬದುಕು ನೆಲೆ ಕಂಡ ಹಾಗೆ. ಈಗ ಅದೇ ಬಾಗಿಲು ಕಿರಿದಾಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವಾಗನ್ ಮತ್ತು ಕಾರ್ಮಿಕ ಸಂಘದ ನಡುವೆ ಒಪ್ಪಂದವಾಯಿತು. 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆಗಳು ಹೋಗುತ್ತವೆ. ಇದ್ದವರನ್ನು ತೆಗೆದುಹಾಕುವುದಿಲ್ಲ, ನಿವೃತ್ತರಾದವರ ಜಾಗ ತುಂಬುವುದಿಲ್ಲ. ವರ್ಷಕ್ಕೆ ಸುಮಾರು 1,400 ಇದ್ದ ಅಪ್ರೆಂಟಿಸ್ ಜಾಗಗಳು 600ಕ್ಕೆ ಇಳಿಯುತ್ತವೆ. ಒಳಗಿದ್ದವರಿಗೆ ರಕ್ಷಣೆ, ಹೊರಗೆ ನಿಂತವರಿಗೆ ಮುಚ್ಚಿದ ಬಾಗಿಲು. ಬಾಡಿಗೆಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತದೆ ಅಲ್ವಾ? ಇದು ನಿರುದ್ಯೋಗದ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಆ ಹುಡುಗನಿಗೆ ಗೋದಾಮಿನಲ್ಲೋ ಡೆಲಿವರಿಯಲ್ಲೋ ಕೆಲಸ ಸಿಕ್ಕಿರುತ್ತದೆ. ಅಂಕಿಯ ಪ್ರಕಾರ ಅವನು ಚೆನ್ನಾಗಿದ್ದಾನೆ.

ಪಿಂಚಣಿಯೂ ಹಾಗೆಯೇ. ಅಲ್ಲಿ ನಮ್ಮ ಪಿಎಫ್ ಥರ ಪ್ರತಿಯೊಬ್ಬರ ಹೆಸರಿನಲ್ಲಿ ದುಡ್ಡು ಕೂಡಿಡುವುದಿಲ್ಲ. ಇವತ್ತು ದುಡಿಯುವವರ ಸಂಬಳದಿಂದ ಹಿಡಿದದ್ದು ಇವತ್ತಿನ ಹಿರಿಯರಿಗೆ ಹೋಗುತ್ತದೆ. ಸಂಬಳದ ಶೇ 18.6, ಅರ್ಧ ನೌಕರನದು, ಅರ್ಧ ಮಾಲೀಕನದು. ಎರಡನೇ ಮಹಾಯುದ್ಧದ ನಂತರ, 1950 ಮತ್ತು 60ರ ದಶಕಗಳಲ್ಲಿ, ಹುಟ್ಟಿದ ದೊಡ್ಡ ತಲೆಮಾರು ಈಗ ನಿವೃತ್ತಿಯಾಗುತ್ತಿದೆ. ಕೊಡುವವರು ಕಡಿಮೆ, ಪಡೆಯುವವರು ಜಾಸ್ತಿ. ಡಿಸೆಂಬರ್‌ನ ಕಾನೂನಿಗೆ ಆಳುವ ಪಕ್ಷದ ಯುವ ಸಂಸದರೇ ತಿರುಗಿ ಬಿದ್ದಿದ್ದು ಇದಕ್ಕೇ. 2031ರ ನಂತರವೂ ಈ ಭಾರ ಇಳಿಯುವುದಿಲ್ಲ, ಅದನ್ನು ಹೊರುವವರು ನಾವು ಎಂಬುದು ಅವರ ವಾದ. ಕಡೆಗೆ 318 ಓಟಿನಿಂದ ಕಾನೂನು ಪಾಸಾಯಿತು.

ಸರ್ಕಾರದ ಕಡೆಯ ಮಾತನ್ನೂ ಕೇಳಬೇಕು. ನಲವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರ ಪಿಂಚಣಿ ಇಳಿಸಿದರೆ ಅವರು ಬಡವರಾಗುತ್ತಾರೆ. ಅವರೂ ಸಿಟ್ಟಾಗುತ್ತಾರೆ. ನ್ಯಾಯವಾದ ಮಾತೇ. ಆದರೆ ಅದರ ಹಿಂದೆ ಓಟಿನ ಗಣಿತವೂ ಇದೆ. ಜರ್ಮನಿಯ ಮತದಾರರಲ್ಲಿ 60 ದಾಟಿದವರು ಶೇ 42. ಮೂವತ್ತರೊಳಗಿನವರು ಶೇ 13. ಯಾವ ಪಕ್ಷವೂ ಮೊದಲು ಯಾರ ಮಾತು ಕೇಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದು ಯುವಕರಿಗೂ ಗೊತ್ತು. ದುಡ್ಡಿನ ಕೊರತೆಗಿಂತ 'ನಮ್ಮ ಮಾತು ಲೆಕ್ಕಕ್ಕಿಲ್ಲ' ಅನ್ನುವ ತಿಳಿವು ಜಾಸ್ತಿ ಕಹಿ.

1932ರ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆ

ಜರ್ಮನಿ ಅಂದ ಕೂಡಲೇ ಹಿಟ್ಲರ್ ನೆನಪಾಗುತ್ತಾನೆ. ಗಾಡಿ ತುಂಬ ನೋಟು ತಳ್ಳಿಕೊಂಡು ಬ್ರೆಡ್ ತರಲು ಹೋಗುವ ಚಿತ್ರ ನೆನಪಾಗುತ್ತದೆ. ಆ ಹುಚ್ಚು ಬೆಲೆ ಏರಿಕೆ 1923ರದ್ದು. ಅದಾಗಿ ಐದು ವರ್ಷದ ಮೇಲೆ, 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಬರೀ ಶೇ 2.6. ಅವರು ಬೆಳೆದಿದ್ದು 1929ರ ಮಹಾ ಕುಸಿತದ ನಂತರ. 1930ರಲ್ಲಿ ಶೇ 18.3. 1932ರ ಜುಲೈನಲ್ಲಿ ಶೇ 37ಕ್ಕೂ ಹೆಚ್ಚು. ಈ ನಡುವೆ ಚಾನ್ಸೆಲರ್ ಆಗಿದ್ದ ಬ್ರೂನಿಂಗ್ ಸಂಬಳ ಕತ್ತರಿಸಿದರು, ನಿರುದ್ಯೋಗ ಭತ್ಯೆ ಇಳಿಸಿದರು, ತೆರಿಗೆ ಏರಿಸಿದರು. ಈ ಕಡಿತದ ಪೆಟ್ಟು ಜಾಸ್ತಿ ಬಿದ್ದ ಕಡೆ ನಾಜಿಗಳ ಓಟು ಜಾಸ್ತಿ ಬೆಳೆಯಿತು ಎಂದು ಆರ್ಥಿಕ ಇತಿಹಾಸಕಾರರು 2021ರ ಒಂದು ಅಧ್ಯಯನದಲ್ಲಿ ತೋರಿಸಿದ್ದಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕೆಲಸ ಕಳೆದುಕೊಂಡ ಕಾರ್ಮಿಕರು ನಾಜಿಗಳಿಗಿಂತ ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದರು. ನಾಜಿಗಳ ಕಡೆ ವಾಲಿದವರಲ್ಲಿ ಸಣ್ಣ ಅಂಗಡಿಯವರು, ಕುಶಲಕರ್ಮಿಗಳು, ಸ್ವಂತ ಜಮೀನಿನ ರೈತರು ಬಹಳ ಜನ. ಅವರ ಬಳಿ ಇನ್ನೂ ಏನೋ ಒಂದಿಷ್ಟು ಇತ್ತು. ಅದು ಕೈಜಾರುತ್ತದೆ ಅನ್ನುವ ಭಯ ಅವರದ್ದು. ಅಂದರೆ ಆಗಲೂ ಸಂಕಟ ಒಂದೇ, ಹೋದ ದಿಕ್ಕು ಎರಡು.

ಇವತ್ತಿನ ಜರ್ಮನಿ 1932ರ ಜರ್ಮನಿ ಅಲ್ಲ. ಆಗ 60 ಲಕ್ಷ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು, ಬೀದಿಗಳಲ್ಲಿ ಖಾಸಗಿ ಸೇನೆಗಳಿದ್ದವು. ಆ ಹೋಲಿಕೆಯನ್ನು ಪೂರ್ತಿ ಎಳೆಯಬಾರದು. ಆದರೆ ಕಳೆದುಕೊಂಡವರಷ್ಟೇ, ಕೆಲವು ಸಲ ಅವರಿಗಿಂತ ಜಾಸ್ತಿ, ಕಳೆದುಕೊಳ್ಳುವ ಭಯದಲ್ಲಿರುವವರು ರಾಜಕೀಯವನ್ನು ಅಲುಗಿಸುತ್ತಾರೆ ಅನ್ನುವುದು ಇಂದಿಗೂ ನಿಜ. ಜರ್ಮನಿಯ ಬಾಡಿಗೆ ಬಗ್ಗೆ ಇತ್ತೀಚೆಗೆ ನಡೆದ ಸಂಶೋಧನೆಯಲ್ಲೂ ಇದೇ ಕಂಡಿದೆ. ತಮ್ಮ ಬಾಡಿಗೆ ಏರದಿದ್ದರೂ, ಸುತ್ತಮುತ್ತ ಬಾಡಿಗೆ ಏರುತ್ತಿದ್ದರೆ ಕಡಿಮೆ ಆದಾಯದ ಬಾಡಿಗೆದಾರರು ಎಎಫ್‌ಡಿ ಕಡೆ ವಾಲುತ್ತಾರೆ.

ಬರೀ ದುಡ್ಡಿನ ಮಾತಾ?

ಇದನ್ನು ಒಪ್ಪದವರಿದ್ದಾರೆ. ಅವರ ವಾದಗಳಲ್ಲೂ ತೂಕವಿದೆ.

ಎಎಫ್‌ಡಿ ಮತದಾರರನ್ನು ಕೇಳಿದರೆ ಅವರು ಮೊದಲು ಹೇಳುವುದು ವಲಸೆ, ಸುರಕ್ಷತೆ. 2024ರ ಆಗಸ್ಟ್ 23ರಂದು ಜೋಲಿಂಗನ್ ಊರಿನ ಉತ್ಸವದಲ್ಲಿ ಸಿರಿಯಾದಿಂದ ಆಶ್ರಯ ಕೇಳಿ ಬಂದಿದ್ದವನೊಬ್ಬ ಚಾಕುವಿನಿಂದ ಮೂವರನ್ನು ಕೊಂದ. ಥುರಿಂಗಿಯಾ ಚುನಾವಣೆಗೆ ಇನ್ನು ಒಂಬತ್ತೇ ದಿನ ಇತ್ತು. ಅಂಥ ಘಟನೆಯ ಭಯವನ್ನು ಬಾಡಿಗೆಯ ಲೆಕ್ಕದಲ್ಲಿ ಮುಚ್ಚಿಹಾಕುವುದು ಪ್ರಾಮಾಣಿಕತೆ ಅಲ್ಲ. ಇನ್ನು ಕೆಲವರು ಟಿಕ್‌ಟಾಕ್ ಕಡೆ ಬೆರಳು ತೋರಿಸುತ್ತಾರೆ. ಬೇರೆ ಪಕ್ಷಗಳು ಅದನ್ನು ಮಕ್ಕಳಾಟ ಎಂದುಕೊಂಡಿದ್ದಾಗ ಎಎಫ್‌ಡಿ ಅಲ್ಲಿ ನೆಲೆ ಕಂಡಿತ್ತು.

ಹುಡುಗರು, ಹುಡುಗಿಯರ ನಡುವಿನ ಅಂತರವೂ ದೊಡ್ಡದು. 2025ರಲ್ಲಿ 18ರಿಂದ 24ರ ಹುಡುಗಿಯರಲ್ಲಿ ಸುಮಾರು ಮೂರನೇ ಒಂದು ಪಾಲು ಲಿಂಕೆಗೆ ಓಟು ಹಾಕಿದರು. ಹುಡುಗರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಎಎಫ್‌ಡಿಗೆ. ಬಾಡಿಗೆ ಇಬ್ಬರಿಗೂ ಒಂದೇ. ಹಾಗಾದರೆ ಬರೀ ದುಡ್ಡಿನಿಂದ ಇದನ್ನು ವಿವರಿಸಲು ಆಗದು.

ನಿಜ, ಆಗದು. ಅಭದ್ರತೆ ಜನರನ್ನು ಮನೆಯಿಂದ ಹೊರಡಿಸುತ್ತದೆ. ಯಾವ ದಾರಿ ಹಿಡಿಯುತ್ತಾರೆ ಅನ್ನುವುದು ಬಾಗಿಲಲ್ಲಿ ಯಾರು, ಯಾವ ಕಥೆ ಹಿಡಿದು ನಿಂತಿದ್ದಾರೆ ಅನ್ನುವುದರ ಮೇಲೆ. 2012-13ರಲ್ಲಿ ಸ್ಪೇನ್, ಗ್ರೀಸ್ ಎರಡರಲ್ಲೂ ಯುವ ನಿರುದ್ಯೋಗ ಶೇ 50 ದಾಟಿತ್ತು. ಸ್ಪೇನಿನ ಸಿಟ್ಟಿನಿಂದ ಎಡಪಂಥೀಯ ಪೊಡೆಮೊಸ್ ಹುಟ್ಟಿತು. ಗ್ರೀಸ್‌ನಲ್ಲಿ ಎಡಪಂಥೀಯ ಸಿರಿಜಾ ಬೆಳೆಯಿತು. ಜೊತೆಗೇ ನಾಜಿ ಬಗೆಯ ಗೋಲ್ಡನ್ ಡಾನ್ 2012ರಲ್ಲಿ ಶೇ 7 ಓಟು ಪಡೆದು ಸಂಸತ್ತಿಗೆ ಬಂತು. ಅದೊಂದು ಅಪರಾಧಿ ಸಂಘಟನೆ ಎಂದು ಕೋರ್ಟ್ ತೀರ್ಪು ಕೊಟ್ಟಿದ್ದು 2020ರಲ್ಲಿ.

ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಲಿಂಕೆ ಮುಗಿದೇಹೋಯಿತು ಎಂದು ಎಲ್ಲರೂ ಬರೆದಿದ್ದರು. ಆ ಪಕ್ಷದವರು ಲಕ್ಷಾಂತರ ಮನೆಗಳ ಬಾಗಿಲು ತಟ್ಟಿದರು. ನಿಮ್ಮ ಬಾಡಿಗೆ ಕಾನೂನಿಗಿಂತ ಜಾಸ್ತಿ ಇದೆಯಾ ಎಂದು ಲೆಕ್ಕ ಹಾಕಿ ತೋರಿಸುವ ಆನ್‌ಲೈನ್ ಸಾಧನ ಮಾಡಿದರು. ಜನವರಿ 29ರಂದು ಸಿಡಿಯು ನಾಯಕ ಮೆರ್ಜ್ ವಲಸೆ ಕುರಿತ ನಿರ್ಣಯವೊಂದನ್ನು ಎಎಫ್‌ಡಿ ಓಟಿನ ಬಲದಿಂದ ಪಾಸು ಮಾಡಿಸಿದರು. ಲಿಂಕೆಯ ಹೈಡಿ ರೈಖಿನೆಕ್ ಸದನದಲ್ಲಿ ಆಡಿದ ಸಿಟ್ಟಿನ ಮಾತು ಫೋನಿನಿಂದ ಫೋನಿಗೆ ಹರಿಯಿತು. ಆ ಫೆಬ್ರುವರಿಯಲ್ಲಿ ಪಕ್ಷ ಶೇ 8.8 ಓಟು ಪಡೆಯಿತು. ಟಿಕ್‌ಟಾಕ್ ಒಂದೇ ಜನರನ್ನು ಬಲಕ್ಕೆ ತಳ್ಳುತ್ತದೆ ಎನ್ನುವವರು ಇದನ್ನು ನೋಡಬೇಕು. ಅದೇ ಫೋನು, ಅದೇ ಬಾಡಿಗೆ, ಬೇರೆ ಉತ್ತರ.

ಪೂರ್ವದ ಗಾಯ

ಹಾಗಾದರೆ ಬರ್ಲಿನ್ ಹುಡುಗಿಗೆ ಸಿಕ್ಕ ಉತ್ತರ ಥುರಿಂಗಿಯಾ ಹುಡುಗನಿಗೆ ಯಾಕೆ ರುಚಿಸಲಿಲ್ಲ? 1990ರಲ್ಲಿ ಎರಡು ಜರ್ಮನಿ ಒಂದಾದಾಗ ಪೂರ್ವದ ಸರ್ಕಾರಿ ಕಾರ್ಖಾನೆಗಳನ್ನು ಟ್ರಾಯ್‌ಹಾಂಡ್ ಎಂಬ ಸಂಸ್ಥೆ ಮಾರಿತು, ಮಾರಲಾಗದ್ದನ್ನು ಮುಚ್ಚಿತು. ಅವುಗಳಲ್ಲಿ ಸುಮಾರು 40 ಲಕ್ಷ ಜನ ದುಡಿಯುತ್ತಿದ್ದರು. ನಾಲ್ಕೇ ವರ್ಷದಲ್ಲಿ ಆ ಹುದ್ದೆಗಳಲ್ಲಿ ಬಹುಪಾಲು ಹೋದವು. ಓದಿದವರು, ಅದರಲ್ಲೂ ಹೆಣ್ಣುಮಕ್ಕಳು, ಪಶ್ಚಿಮಕ್ಕೆ ಹೋದರು. ಉಳಿದ ಊರುಗಳಲ್ಲಿ ಶಾಲೆ ಮುಚ್ಚಿತು, ಯುವಕರು ಸೇರುತ್ತಿದ್ದ ಕ್ಲಬ್ಬುಗಳು ಮುಚ್ಚಿದವು. ಇಂದಿನ ಇಪ್ಪತ್ತರ ಹುಡುಗ ಅದನ್ನು ನೋಡಿಲ್ಲ. ಆದರೆ ಅಪ್ಪ ಅಮ್ಮನ ಬಾಯಲ್ಲಿ ಕೇಳಿದ್ದಾನೆ. 'ಬದಲಾವಣೆ' ಅನ್ನುವ ಪದವೇ ಆ ಮನೆಗಳಲ್ಲಿ ಕೆಟ್ಟ ಸುದ್ದಿ. ಅಲ್ಲಿ ಎಎಫ್‌ಡಿ ಬರೀ ಪಕ್ಷವಲ್ಲ, ಊರಿನ ಜಾತ್ರೆಗೆ, ಫುಟ್‌ಬಾಲ್ ಮೈದಾನಕ್ಕೆ ಬರುವ ಪರಿಚಯದ ಮುಖ.

ಮುಂದೇನಾಗಬಹುದು?

ಓಟು ಹಾಕುವುದು ಬೇರೆ, ಕೈ ಎತ್ತುವುದು ಬೇರೆ. ಎಎಫ್‌ಡಿಗೆ ಓಟು ಹಾಕಿದ ಯುವಕರಲ್ಲಿ ಬಹುತೇಕರು ಯಾರಿಗೂ ಹೊಡೆದವರಲ್ಲ. ಆದರೆ ಅಂಚು ಗಟ್ಟಿಯಾದಾಗ ಅದರ ಆಚೆಗೂ ಕೆಲವರು ಜಾರುತ್ತಾರೆ. 2024ರ ಮೇ ತಿಂಗಳಲ್ಲಿ ಡ್ರೆಸ್ಡನ್‌ನಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಎಸ್‌ಪಿಡಿಯ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯ ಮಥಿಯಾಸ್ ಎಕೆ ಅವರನ್ನು ಆಸ್ಪತ್ರೆ ಸೇರುವ ಹಾಗೆ ಹೊಡೆದರು. ಶಂಕಿತರು 17, 18ರ ಹುಡುಗರು. ಅದೇ ಆಗಸ್ಟ್‌ನಲ್ಲಿ ಬೌಟ್ಸನ್ ಊರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ವಿರುದ್ಧ ನೂರಾರು ಯುವ ನವನಾಜಿಗಳು ಸೇರಿದರು. 2025ರ ಮೇ 21ರಂದು ನವನಾಜಿ ಗುಂಪೊಂದಕ್ಕೆ ಸೇರಿದವರೆಂದು ಪೊಲೀಸರು ಐವರನ್ನು ಹಿಡಿದರು. ಅವರ ವಯಸ್ಸು 14ರಿಂದ 18. ಮಕ್ಕಳು ಅವರು.

ಈ ಬೆಳವಣಿಗೆ ಕನ್ನಡಿಗರಿಗೂ ದೂರದ ಸುದ್ದಿಯಲ್ಲ. ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಮೊದಲು. 2023-24ರಲ್ಲೇ ಅವರ ಸಂಖ್ಯೆ 50,000ದ ಹತ್ತಿರ ಬಂದಿತ್ತು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಹೋದವರು ಹುಡುಕುವುದು ಅದೇ ಕೋಣೆ, ಅದೇ 'ಹೊಸ ಕರಾರು'. ಕೆಲಸಗಾರರು ಸಾಲದೆ ಜರ್ಮನಿಯೇ ಭಾರತೀಯರಿಗೆ ವರ್ಷಕ್ಕೆ 20,000 ಇದ್ದ ನುರಿತ ಕೆಲಸದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಹೊಸಬರು ಬಂದರೆ ಮನೆಗೆ ಬೇಡಿಕೆ ಏರುತ್ತದೆ, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸುಮಾರು 30 ಲಕ್ಷ ಅಗ್ಗದ ಮನೆಗಳು ಕಡಿಮೆಯಾಗಿದ್ದು ವಲಸಿಗರಿಂದಲ್ಲ. ಕಟ್ಟದೆ ಬಿಟ್ಟಿದ್ದರಿಂದ, ಹಳೆಯದನ್ನು ಮಾರುಕಟ್ಟೆಗೆ ಬಿಟ್ಟಿದ್ದರಿಂದ.

2025ರ ಮಾರ್ಚ್‌ನಲ್ಲಿ ಸಂಸತ್ತು ಸಂವಿಧಾನ ತಿದ್ದಿ, ಸಾಲದ ಮಿತಿ ಸಡಿಲಿಸಿ, ರಸ್ತೆ, ರೈಲು, ಶಾಲೆಗಳಂಥ ಕೆಲಸಕ್ಕೆ 50,000 ಕೋಟಿ ಯೂರೊ ಸಾಲ ಎತ್ತಲು ದಾರಿ ಮಾಡಿತು. ಹನ್ನೆರಡು ವರ್ಷದಲ್ಲಿ ಖರ್ಚು ಮಾಡಬೇಕಾದ ದುಡ್ಡು ಅದು. ಮನೆ ಏಳಲು ವರ್ಷಗಳು ಬೇಕು. ಚುನಾವಣೆಗಳು ಅಷ್ಟು ಕಾಯುವುದಿಲ್ಲ. 2026ರ ಸೆಪ್ಟೆಂಬರ್ 6ರಂದು ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯದ ಮತದಾನ. ರಾಷ್ಟ್ರೀಯ ಚುನಾವಣೆಯಲ್ಲಿ ಅಲ್ಲಿ ಎಎಫ್‌ಡಿಗೆ ಶೇ 37 ಸಿಕ್ಕಿತ್ತು. ಸೆಪ್ಟೆಂಬರ್ 20ರಂದು ಒಂದೇ ದಿನ ಮೆಕ್ಲನ್‌ಬುರ್ಗ್-ಫೋರ್‌ಪೊಮೆರ್ನ್ ಮತ್ತು ಬರ್ಲಿನ್. ಮೊದಲನೆಯ ಕಡೆ 2025ರಲ್ಲಿ ಮುಂದಿದ್ದದ್ದು ಎಎಫ್‌ಡಿ, ಬರ್ಲಿನ್‌ನಲ್ಲಿ ಲಿಂಕೆ. ಎರಡೂ ಕಡೆ ಈ ಬಾರಿ 16 ತುಂಬಿದ ಮಕ್ಕಳು ರಾಜ್ಯ ಚುನಾವಣೆಯಲ್ಲಿ ಮೊದಲ ಸಲ ಓಟು ಹಾಕುತ್ತಾರೆ.